ಆಟಿಸಂ ಇರುವ ಮಗು: ಮೌಲ್ಯಮಾಪನದ ವರದಿಯಿಂದ ತರಗತಿಯ ನೆರವಿನವರೆಗೆ

ಪ್ರತಿ ಜೂನ್‌ನಲ್ಲೂ ನನ್ನ ಮೇಜಿನ ಮೇಲೆ ಒಂದೇ ಥರದ ಫೈಲುಗಳು ಬಂದು ಕೂರುತ್ತವೆ. ಲ್ಯಾಮಿನೇಟ್ ಮಾಡಿಸಿದ ವರದಿ, ಮೂರು ಆಸ್ಪತ್ರೆಗಳ ಚೀಟಿ, ಥೆರಪಿ ರಸೀದಿಗಳು. ಜೊತೆಗೆ ಅದೇ ಪ್ರಶ್ನೆ: "ಮೇಡಂ, ಇಷ್ಟೆಲ್ಲ ಟೆಸ್ಟ್ ಮಾಡಿಸಿದ್ವಿ. ಸ್ಕೂಲಲ್ಲಿ ಮಾತ್ರ ಏನೂ ಬದಲಾಗಿಲ್ಲ. ಯಾಕೆ?"

ವಿಶೇಷ ಶಿಕ್ಷಕಿಯಾಗಿ ನಾನು ಕಂಡ ಕಾರಣ ಹೆಚ್ಚಿನ ಸಲ ಒಂದೇ. ಕೆಲಸದ ಕ್ರಮ ತಪ್ಪಿರುತ್ತದೆ. ವರದಿ ಮಾಡಿಸುವಾಗ ತರಗತಿಯ ಕಷ್ಟವನ್ನು ಯಾರೂ ಕೇಳಿರುವುದಿಲ್ಲ, ಹೇಳಿಯೂ ಇರುವುದಿಲ್ಲ. ಹಾಗಾಗಿ ವರದಿಯಲ್ಲಿ ಟೀಚರಿಗೆ ಬೇಕಾದ ಉತ್ತರವೂ ಇರುವುದಿಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವಿನದನ್ನು ಬಿಟ್ಟು ಮುಂದೆ ಹೋದರೆ ಮತ್ತೆ ಅಲ್ಲಿಗೇ ವಾಪಸ್ ಬರಬೇಕಾಗುತ್ತದೆ.

ಮೊದಲು ಕೈಯಲ್ಲಿರಬೇಕಾದ್ದು

ಒಂದು ಫೈಲು, ಒಂದು ನೋಟ್‌ಬುಕ್, ಫೋನ್. ಮಗುವಿನ ಆಧಾರ್, ಜನನ ಪ್ರಮಾಣಪತ್ರ, ಶಾಲೆಯ ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿಗಿರುವ ಸಂಖ್ಯೆ), ಪಾಸ್‌ಪೋರ್ಟ್ ಅಳತೆಯ ಫೋಟೋಗಳು, ವಿಳಾಸದ ದಾಖಲೆ. ಮೂಲ ಪ್ರತಿಗಳನ್ನು ಮನೆಯಲ್ಲಿಟ್ಟು ಝೆರಾಕ್ಸ್ ಮಾತ್ರ ಶಾಲೆಗೆ ಕೊಡಿ. ಮೂಲ ವರದಿಯನ್ನೇ ಕೊಟ್ಟು, ಎರಡು ವರ್ಷ ಬಿಟ್ಟು ಹುಡುಕಾಡಿದವರನ್ನು ತುಂಬಾ ನೋಡಿದ್ದೇನೆ.

ಹಂತ 1: ಎರಡು ವಾರ ಬರೆದಿಡಿ

ಆಸ್ಪತ್ರೆಗೆ ಓಡುವ ಮೊದಲು ನೋಟ್‌ಬುಕ್ ತೆರೆಯಿರಿ. ಒಂದು ಪುಟಕ್ಕೆ ಮೂರು ಕಾಲಂ ಸಾಕು. ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ದೊಡ್ಡವರು ಏನು ಮಾಡಿದರು.

"ಹಠ ಮಾಡಿದ", "ಗಲಾಟೆ ಮಾಡಿದಳು" ಅಂತ ಬರೆದರೆ ಪ್ರಯೋಜನವಿಲ್ಲ. ಕಣ್ಣಿಗೆ ಕಂಡದ್ದನ್ನು ಬರೆಯಿರಿ. "ಕುಕ್ಕರ್ ಸೀಟಿ ಹೊಡೆಯಿತು. ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಹೋದ. ಹತ್ತು ನಿಮಿಷ ಬಿಟ್ಟು ತಾನೇ ಬಂದ." ಈ ಮೂರು ವಾಕ್ಯದಲ್ಲಿ ಮನಶ್ಶಾಸ್ತ್ರಜ್ಞರಿಗೆ ಎಷ್ಟು ವಿಷಯ ಸಿಗುತ್ತದೆ ಗೊತ್ತಾ? ಶಬ್ದ ತಡೆಯಲು ಆಗುವುದಿಲ್ಲ, ಜಾಗ ಸಿಕ್ಕರೆ ತಾನೇ ಸಮಾಧಾನವಾಗುತ್ತಾನೆ, ಎಷ್ಟು ಹೊತ್ತು ಬೇಕು ಅನ್ನುವುದೂ ಗೊತ್ತು.

ಬರುವುದನ್ನೂ ಬರೆಯಿರಿ. ಬಸ್ಸಿನ ಬೋರ್ಡ್ ಓದುತ್ತಾಳೆ, ಫೋನ್ ಲಾಕ್ ತೆಗೆಯುತ್ತಾನೆ, ಅಜ್ಜಿಯ ಮಾತ್ರೆ ಡಬ್ಬಿಯನ್ನು ಬಣ್ಣದ ಪ್ರಕಾರ ಜೋಡಿಸುತ್ತಾಳೆ. ಮುಂದೆ ಕಲಿಕೆಯ ಗುರಿ ಹಾಕುವಾಗ ಇಲ್ಲಿಂದಲೇ ಶುರು ಮಾಡುವುದು.

ಒಂದೆರಡು ನಿಮಿಷದ ನಾಲ್ಕೈದು ವಿಡಿಯೋ ಮಾಡಿಕೊಳ್ಳಿ. ಊಟ, ಆಟ, ಬೇರೆ ಮಕ್ಕಳ ಜೊತೆ, ಬರೆಯುವಾಗ. ಆಸ್ಪತ್ರೆಯ ಹೊಸ ಕೋಣೆಯಲ್ಲಿ ಮಗು ಇದ್ಯಾವುದನ್ನೂ ತೋರಿಸದೇ ಇರಬಹುದು.

ಹಂತ 2: ಕ್ಲಾಸ್ ಟೀಚರ್ ಕಡೆಯಿಂದ ಅರ್ಧ ಪುಟ

ಎಲ್ಲರೂ ಬಿಡುವ ಹಂತ ಇದು. ಟೀಚರ್‌ಗೆ ಹೇಳಿದರೆ ಮಗುವನ್ನು ಬೇರೆ ಥರ ನೋಡುತ್ತಾರೆ ಅನ್ನುವ ಭಯ ಸಹಜ. ಆದರೆ ದಿನಕ್ಕೆ ಐದಾರು ಗಂಟೆ ಮಗುವನ್ನು ಮೂವತ್ತು ನಲವತ್ತು ಮಕ್ಕಳ ನಡುವೆ ನೋಡುವವರು ಅವರೊಬ್ಬರೇ.

"ನನ್ನ ಮಗನ ಬಗ್ಗೆ ರಿಪೋರ್ಟ್ ಬರೆದುಕೊಡಿ" ಅಂದರೆ ಅವರು ಹೆದರುತ್ತಾರೆ, ಎಚ್‌ಎಂ, ಅಂದರೆ ಮುಖ್ಯ ಶಿಕ್ಷಕರನ್ನು, ಕೇಳಬೇಕು ಅನ್ನುತ್ತಾರೆ. ಪ್ರಶ್ನೆಗಳನ್ನು ನೀವೇ ಬರೆದು ಕೊಡಿ:

1. ಯಾವ ಪೀರಿಯಡ್‌ನಲ್ಲಿ ಚೆನ್ನಾಗಿರುತ್ತಾನೆ, ಯಾವುದರಲ್ಲಿ ಜಾಸ್ತಿ ಕಷ್ಟ?
2. ಇಡೀ ತರಗತಿಗೆ ಹೇಳಿದ ಮಾತನ್ನು ಅನುಸರಿಸುತ್ತಾನಾ, ಹತ್ತಿರ ಬಂದು ಹೆಸರು ಕರೆದು ಹೇಳಬೇಕಾ?
3. ಬೋರ್ಡ್ ಮೇಲಿನದನ್ನು ಬರೆದುಕೊಳ್ಳುತ್ತಾನಾ? ಬರೆದದ್ದು ಅರ್ಥವಾಗಿರುತ್ತದಾ?
4. ಆಟದ ಹೊತ್ತು, ಬಿಸಿಯೂಟದ ಹೊತ್ತು, ಪ್ರೇಯರ್‌ನಲ್ಲಿ ಏನು ಮಾಡುತ್ತಾನೆ?
5. ಶೌಚಾಲಯಕ್ಕೆ ಹೋಗಬೇಕು ಅಂತ ಹೇಗೆ ತಿಳಿಸುತ್ತಾನೆ?

ಪೆನ್ನಿನಲ್ಲಿ ಬರೆದ ಉತ್ತರ ಸಾಕು. ಈ ಹಾಳೆ ಮುಂದಿನ ಹಂತದಲ್ಲಿ ಬಹಳ ಬೆಲೆಬಾಳುತ್ತದೆ.

ಹಂತ 3: ಯಾವ ಪರೀಕ್ಷೆ, ಎಲ್ಲಿ

ಇಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಮೂರನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಅರ್ಧ ಗೊಂದಲ.

ಮೊದಲನೆಯದು ರೋಗನಿರ್ಣಯ, ಅಂದರೆ ಇದು ಆಟಿಸಂ ಹೌದೋ ಅಲ್ಲವೋ ಅನ್ನುವುದು. ಎರಡನೆಯದು ಪ್ರಮಾಣಪತ್ರಕ್ಕಾಗಿ ನಡೆಯುವ ಅಳತೆ. ಮೂರನೆಯದು ಕಲಿಕೆಯ ಮೌಲ್ಯಮಾಪನ: ಮಗು ಈಗ ಏನು ಓದುತ್ತದೆ, ಎಷ್ಟು ಎಣಿಸುತ್ತದೆ, ಹೇಗೆ ಕಲಿಯುತ್ತದೆ. ಶಾಲೆಗೆ ಬೇಕಾದದ್ದು ಈ ಮೂರನೆಯದು. ಹೆಚ್ಚಿನವರ ಫೈಲಿನಲ್ಲಿ ಇಲ್ಲದಿರುವುದೂ ಅದೇ.

ಎಲ್ಲಕ್ಕೂ ಮುಂಚೆ ಶ್ರವಣ ಪರೀಕ್ಷೆ ಮಾಡಿಸಿ. ಹೆಸರು ಕರೆದರೆ ತಿರುಗದ ಮಗುವಿಗೆ ಕಿವಿ ಕೇಳಿಸುತ್ತದಾ ಅನ್ನುವುದು ಮೊದಲು ಖಚಿತವಾಗಬೇಕು. ಕಣ್ಣಿನ ಪರೀಕ್ಷೆಯನ್ನೂ ಅದರ ಜೊತೆಗೇ ಮುಗಿಸಿ.

ಕರ್ನಾಟಕದಲ್ಲಿ ಸರ್ಕಾರಿ ದಾರಿಗಳು ಇವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಜನ 'ಆಯಿಷ್' ಅನ್ನುತ್ತಾರಲ್ಲ ಅಲ್ಲಿ, ಕಿವಿ, ಮಾತು, ಭಾಷೆಯ ಪರೀಕ್ಷೆ ಒಂದೇ ಆವರಣದಲ್ಲಿ ಆಗುತ್ತದೆ. ದೂರ ಹೋಗಲು ಆಗದವರು ಜಿಲ್ಲಾ ಆಸ್ಪತ್ರೆಯ ಡಿಇಐಸಿಯಲ್ಲಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವು ಕೊಡುವ ಕೇಂದ್ರದಲ್ಲಿ, ವಿಚಾರಿಸಿ. ಸರ್ಕಾರಿ ಶಾಲೆಯ ಮಕ್ಕಳಾದರೆ ತಾಲ್ಲೂಕು ಮಟ್ಟದ ವೈದ್ಯಕೀಯ ತಪಾಸಣಾ ಶಿಬಿರ ಯಾವಾಗ ಅಂತ ಎಚ್‌ಎಂ ಹತ್ತಿರ ಕೇಳಿಡಿ.

ಖಾಸಗಿಯಾಗಿ ಮಾಡಿಸುವವರು ಒಂದು ವಿಷಯ ನೋಡಲೇಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್, ಸ್ಪೀಚ್ ಥೆರಪಿಸ್ಟ್, ವಿಶೇಷ ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಮಂಡಳಿಯ, ಅಂದರೆ ಆರ್‌ಸಿಐಯ, ನೋಂದಣಿ ಸಂಖ್ಯೆ ಇರುತ್ತದೆ. ವರದಿಯಲ್ಲಿ ಹೆಸರು, ಸಹಿ, ಆ ಸಂಖ್ಯೆ ಮೂರೂ ಇರಬೇಕು. ಇಲ್ಲದ ವರದಿಯನ್ನು ಮುಂದೆ ಪರೀಕ್ಷಾ ಮಂಡಳಿಯವರು ವಾಪಸ್ ಕಳಿಸಬಹುದು.

ವರದಿಯಲ್ಲಿ ಕಾಣುವ ಕೆಲವು ಹೆಸರುಗಳು ಗೊತ್ತಿದ್ದರೆ ಒಳ್ಳೆಯದು. ಐಎಸ್‌ಎಎ ಅನ್ನುವುದು ಆಟಿಸಂನ ತೀವ್ರತೆ ಅಳೆಯಲು ಭಾರತದಲ್ಲೇ ಮಾಡಿದ ಮಾಪಕ. ಅದರಲ್ಲಿ 40 ಅಂಶಗಳಿವೆ. ವಿಎಸ್‌ಎಂಎಸ್ ದಿನನಿತ್ಯದ ಕೌಶಲ ನೋಡುತ್ತದೆ: ತಾನೇ ತಿನ್ನುವುದು, ಬಟ್ಟೆ ಹಾಕುವುದು, ಅಂಗಡಿಗೆ ಹೋಗುವುದು. ಬುದ್ಧಿಮತ್ತೆಗೆ ಬೇರೆ ಪರೀಕ್ಷೆಗಳಿವೆ. ವಿಶೇಷ ಶಿಕ್ಷಕರು ಎಫ್‌ಎಸಿಪಿಯಂಥ ಪಟ್ಟಿ ಹಿಡಿದು ಕಲಿಕೆಯ ಮಟ್ಟ ನೋಡುತ್ತಾರೆ.

ಬುದ್ಧಿಮತ್ತೆಯ ಅಂಕಿಯ ಬಗ್ಗೆ ಒಂದು ಮಾತು. ಮಾತು ಕಡಿಮೆ ಇರುವ ಮಗುವಿಗೆ ಮಾತಿನಲ್ಲೇ ಉತ್ತರ ಕೇಳುವ ಪರೀಕ್ಷೆ ಕೊಟ್ಟರೆ ಅಂಕಿ ಕೆಳಗೇ ಬರುತ್ತದೆ. ಮನೆಯಲ್ಲಿ ತುಳು, ಕೊಂಕಣಿ, ಉರ್ದು ಆಡುವ ಮಗುವನ್ನು ಇಂಗ್ಲಿಷ್‌ನಲ್ಲಿ ಕೇಳಿದರೂ ಅಷ್ಟೇ. ಮನೆಭಾಷೆ ಯಾವುದು ಅಂತ ಮೊದಲೇ ಹೇಳಿ. ಮಾತಿಲ್ಲದೆ ಮಾಡುವ ಪರೀಕ್ಷೆ ಇದೆಯಾ ಅಂತ ಕೇಳಿ. ಆ ಒಂದು ಅಂಕಿ ನೋಡಿ ರಾತ್ರಿಯಿಡೀ ಅತ್ತ ಅಮ್ಮಂದಿರಿದ್ದಾರೆ. ಆ ದಿನ ಮಗು ನಿದ್ದೆ ಮಾಡಿರಲಿಲ್ಲ ಅನ್ನುವುದು ಆಮೇಲೆ ಗೊತ್ತಾಗಿದೆ.

ಹೋಗುವ ದಿನ ತಿಂಡಿ, ಇಷ್ಟದ ಆಟಿಕೆ, ನೀರು ಒಯ್ಯಿರಿ. ಹಿಂದಿನ ದಿನವೇ ಆ ಕಟ್ಟಡದ ಫೋಟೋ ತೋರಿಸಿ. ಒಂದೇ ಭೇಟಿಯಲ್ಲಿ ಮುಗಿಯುತ್ತದೆ ಅಂದುಕೊಳ್ಳಬೇಡಿ.

ಎಚ್ಚರಿಕೆಯ ಗುರುತುಗಳು:

- ಹತ್ತು ನಿಮಿಷ ನೋಡಿ, ಏನೂ ಕೇಳದೆ ಹೆಸರು ಬರೆದುಕೊಡುವವರು.
- "ಗಂಡು ಮಕ್ಕಳು ಲೇಟು, ಐದು ವರ್ಷ ಆಗಲಿ ನೋಡೋಣ" ಅನ್ನುವವರು.
- ಪೂರ್ತಿ ಗುಣ ಮಾಡುತ್ತೇವೆ ಅನ್ನುವವರು. ಸ್ಟೆಮ್ ಸೆಲ್ ಹೆಸರಿನಲ್ಲಿ ಲಕ್ಷಗಟ್ಟಲೆ ಕೇಳುವವರಿದ್ದಾರೆ. ಆಟಿಸಂಗೆ ಅದನ್ನು ಶಿಫಾರಸು ಮಾಡುವುದಿಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲೇ ಹೇಳಿದೆ.
- ಪರೀಕ್ಷೆ ಮುಗಿಯುವ ಮೊದಲೇ ವರ್ಷದ ಥೆರಪಿ ಪ್ಯಾಕೇಜ್ ಮುಂದಿಡುವ ಕೇಂದ್ರಗಳು.

ಕಾಯುವ ಪಟ್ಟಿ ಉದ್ದ ಇದ್ದರೆ ಸುಮ್ನೆ ಕೂರಬೇಡಿ. ಹಂತ 7ರಲ್ಲಿ ಹೇಳುವ ಅರ್ಧದಷ್ಟು ಕೆಲಸಕ್ಕೆ ವರದಿಯೇ ಬೇಕಿಲ್ಲ.

ಹಂತ 4: ವರದಿ ಕೈಗೆ ಬಂದ ದಿನ, ಎದ್ದು ಬರುವ ಮೊದಲು

"ವಿಶೇಷ ಶಿಕ್ಷಣ ಸೂಚಿಸಲಾಗಿದೆ. ಥೆರಪಿ ಮುಂದುವರಿಸಿ." ಬಹಳಷ್ಟು ವರದಿಗಳ ಕೊನೆಯಲ್ಲಿ ಇಷ್ಟೇ ಇರುತ್ತದೆ. ಇದನ್ನು ಓದಿ ಒಂದನೇ ತರಗತಿಯ ಟೀಚರ್ ಸೋಮವಾರ ಬೆಳಿಗ್ಗೆ ಏನು ಮಾಡಬೇಕು ಹೇಳಿ?

ಟೀಚರ್ ಬರೆದುಕೊಟ್ಟ ಅರ್ಧ ಪುಟವನ್ನು ಮುಂದಿಟ್ಟು ಕೇಳಿ: "ಸರ್, ಈ ಕಷ್ಟಗಳಿಗೆ ತರಗತಿಯಲ್ಲಿ ಏನು ಮಾಡಬಹುದು ಅಂತ ಒಂದು ಪುಟ ಬರೆದುಕೊಡ್ತೀರಾ?" ಆಗ ಇಂಥ ಸಾಲುಗಳು ಬರುತ್ತವೆ: ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ, ಬೋರ್ಡ್‌ನಿಂದ ಬರೆಸುವ ಬದಲು ಮುದ್ರಿತ ಹಾಳೆ ಕೊಡಿ, ಫ್ಯಾನ್ ಕೆಳಗೆ ಕೂರಿಸಬೇಡಿ, ಮೌಖಿಕ ಉತ್ತರ ಒಪ್ಪಿಕೊಳ್ಳಿ. ಪರೀಕ್ಷೆಗೆ ಹೆಚ್ಚುವರಿ ಸಮಯ, ಬರಹಗಾರರ (ಮಗು ಹೇಳಿದ ಉತ್ತರವನ್ನು ಬರೆಯುವವರ) ನೆರವು ಬೇಕು ಅನ್ನಿಸಿದರೆ ಅದನ್ನೂ ಈಗಲೇ ಬರೆಸಿ. ಎಂಟು ವರ್ಷ ಬಿಟ್ಟು ಎಸ್‌ಎಸ್‌ಎಲ್‌ಸಿ ಹೊತ್ತಿಗೆ, ಈ ಕಷ್ಟ ಮೊದಲಿನಿಂದಲೂ ಇತ್ತು ಅನ್ನುವುದಕ್ಕೆ ಇದೇ ದಾಖಲೆ.

ಮಗುವಿನ ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿರುವಂತೆಯೇ ಇದೆಯಾ ಅಂತ ಅಲ್ಲೇ ನೋಡಿ. ಒಂದು ಅಕ್ಷರದ ತಪ್ಪಿಗೆ ಮತ್ತೆ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಿದವರಿದ್ದಾರೆ.

ಹಂತ 5: ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ)

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಪಟ್ಟಿ ಮಾಡಿರುವ 21 ವಿಧಗಳಲ್ಲಿ ಆಟಿಸಂ ಕೂಡ ಇದೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಅರ್ಜಿ ತುಂಬಿ, ಫೋಟೋ, ಆಧಾರ್, ವಿಳಾಸದ ದಾಖಲೆ ಅಪ್‌ಲೋಡ್ ಮಾಡಿ, ಆಸ್ಪತ್ರೆ ಆರಿಸಿದರೆ ಅರ್ಜಿ ಸಂಖ್ಯೆ ಸಿಗುತ್ತದೆ. ಆಮೇಲೆ ಆಸ್ಪತ್ರೆಯ ವೈದ್ಯಕೀಯ ಮಂಡಳಿ ಮಗುವನ್ನು ನೋಡಿ ಶೇಕಡಾವಾರು ನಿರ್ಧರಿಸುತ್ತದೆ.

ಹೋಗುವಾಗ ಹಂತ 3ರ ವರದಿ, ಹಂತ 1ರ ವಿಡಿಯೋ ಎರಡೂ ಜೊತೆಗಿರಲಿ. ಅಲ್ಲಿ ಜನ ಜಾಸ್ತಿ, ಹೊತ್ತು ಕಡಿಮೆ. "ನಮ್ಮ ಮಗು ತುಂಬಾ ಜಾಣ, ಏನೂ ತೊಂದರೆ ಇಲ್ಲ" ಅಂತ ಹೆಮ್ಮೆಗೆ ಹೇಳಿಬಿಡುವವರೂ ಇದ್ದಾರೆ. ಒಳ್ಳೆಯ ದಿನವನ್ನೂ ಹೇಳಿ, ಕೆಟ್ಟ ದಿನವನ್ನೂ ಹೇಳಿ.

ಶೇಕಡಾ 40 ಅಥವಾ ಹೆಚ್ಚು ಬಂದರೆ ಹೆಚ್ಚಿನ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಅಂಥ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ, ಅಥವಾ ಬೇಕೆಂದರೆ ವಿಶೇಷ ಶಾಲೆಯಲ್ಲಿ, ಉಚಿತ ಶಿಕ್ಷಣ ಪಡೆಯುವ ಹಕ್ಕು ಇದೆ, ಅದು ಇದೇ 2016ರ ಕಾಯ್ದೆಯ 31ನೇ ಸೆಕ್ಷನ್‌ನಲ್ಲಿದೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯೂ ಇದೆ. ಕಾರ್ಡ್ ಬಂದ ವಾರವೇ ಅದಕ್ಕೂ ಅರ್ಜಿ ಹಾಕಿ.

40ಕ್ಕಿಂತ ಕಡಿಮೆ ಬಂದರೆ ಶಾಲೆಯ ನೆರವಿನ ದಾರಿ ಮುಚ್ಚಿತು ಅಂತ ತಿಳಿಯಬೇಡಿ. ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಬೇಕು ಅನ್ನುವ 16ನೇ ಸೆಕ್ಷನ್‌ನಲ್ಲಿ ಈ ಶೇಕಡಾ ಮಿತಿ ಇಲ್ಲ.

ಸಣ್ಣ ಮಕ್ಕಳಿಗೆ ಸಿಗುವ ಪ್ರಮಾಣಪತ್ರ ತಾತ್ಕಾಲಿಕವಾಗಿರಬಹುದು. ಅವಧಿ ಮುಗಿಯುವ ದಿನಾಂಕ ನೋಡಿ ಫೋನಿನಲ್ಲಿ ರಿಮೈಂಡರ್ ಹಾಕಿ, ಅದೂ ಆರು ತಿಂಗಳು ಮುಂಚೆ. ಹತ್ತನೇ ತರಗತಿಯ ನಡುವೆ ಅವಧಿ ಮುಗಿದರೆ ಆಗುವ ಓಡಾಟ ಯಾರಿಗೂ ಬೇಡ.

ಹಂತ 6: ಶಾಲೆಗೆ ಪತ್ರ, ಸೀಲು ಹಾಕಿಸಿ

ಬಾಯಿಮಾತಿನಲ್ಲಿ ಒಪ್ಪಿದ್ದು ಟೀಚರ್ ವರ್ಗಾವಣೆಯಾದ ದಿನ ಮುಗಿಯಿತು. ಪತ್ರ ಕೊಡಿ. ಜಗಳದ ಧಾಟಿ ಬೇಡ, ಉದ್ದವೂ ಬೇಡ. ಈ ಮಾದರಿ ಸಾಕು:

"ಮಾನ್ಯ ಮುಖ್ಯ ಶಿಕ್ಷಕರಿಗೆ,
ನನ್ನ ಮಗಳು ನಿಮ್ಮ ಶಾಲೆಯ 2ನೇ ತರಗತಿಯಲ್ಲಿ ಓದುತ್ತಿದ್ದಾಳೆ. ಆಕೆಗೆ ಆಟಿಸಂ ಇರುವುದು ಮೌಲ್ಯಮಾಪನದಲ್ಲಿ ಗೊತ್ತಾಗಿದೆ. ವರದಿಯ ಪ್ರತಿ ಲಗತ್ತಿಸಿದ್ದೇನೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಸೆಕ್ಷನ್ 16 ಮತ್ತು 17ರಂತೆ ಆಕೆಯ ಕಲಿಕೆಗೆ ಬೇಕಾದ ಹೊಂದಾಣಿಕೆಗಳನ್ನು ಮಾಡಿಕೊಡಲು ಕೋರುತ್ತೇನೆ. ಇದನ್ನು ಮಾತಾಡಿ ವೈಯಕ್ತಿಕ ಕಲಿಕಾ ಯೋಜನೆ ಬರೆಯಲು 15 ದಿನಗಳೊಳಗೆ ಒಂದು ಸಭೆ ಕರೆಯಬೇಕೆಂದು ವಿನಂತಿ."

ಎರಡು ಪ್ರತಿ ಒಯ್ದು, ಒಂದರ ಮೇಲೆ ಸಹಿ, ದಿನಾಂಕ, ಸೀಲು ಹಾಕಿಸಿಕೊಳ್ಳಿ. ಕೊಡಲು ಹಿಂದೇಟು ಹಾಕಿದರೆ ಸ್ಪೀಡ್ ಪೋಸ್ಟ್‌ನಲ್ಲಿ ಅಥವಾ ಇಮೇಲ್‌ನಲ್ಲಿ ಕಳಿಸಿ.

ಸರ್ಕಾರಿ, ಅನುದಾನಿತ ಶಾಲೆಗಳಾದರೆ ಇನ್ನೊಂದು ಸಾಲು ಸೇರಿಸಿ: "ತಾಲ್ಲೂಕಿನ ಬಿಐಇಆರ್‌ಟಿಯವರನ್ನು ಸಭೆಗೆ ಕರೆಯಿರಿ." ಇವರು ಬ್ಲಾಕ್ ಮಟ್ಟದಲ್ಲಿ ಸಮನ್ವಯ ಶಿಕ್ಷಣ ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರು. ಬಿಆರ್‌ಸಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ಅಥವಾ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಲ್ಲಿ ಸಿಗುತ್ತಾರೆ. ಇಡೀ ತಾಲ್ಲೂಕಿಗೆ ಬೆರಳೆಣಿಕೆಯ ಜನ, ಹಾಗಾಗಿ ನಾವೇ ಕೇಳದೆ ಅವರು ಬಂದು ಬಾಗಿಲು ತಟ್ಟುವುದಿಲ್ಲ. ಸಿಬಿಎಸ್‌ಇ ಶಾಲೆಯಲ್ಲಿ ವಿಶೇಷ ಶಿಕ್ಷಕರು ಇರಲೇಬೇಕು ಅನ್ನುವುದು ಮಂಡಳಿಯ ನಿಯಮ. ಅವರು ಯಾರು ಅಂತ ಹೆಸರು ಕೇಳಿ.

ಸ್ಯಾಟ್ಸ್‌ನಲ್ಲಿ ವಿಶೇಷ ಅಗತ್ಯವುಳ್ಳ ಮಗು ಅಂತ ನಮೂದಿಸಿದ್ದಾರಾ ಅಂತಲೂ ನೋಡಿ. ಎರಡು ನಿಮಿಷದ ಕೆಲಸ. ಆದರೆ ಆ ಗುರುತು ಇಲ್ಲದಿದ್ದರೆ ಇಲಾಖೆಯ ಲೆಕ್ಕದಲ್ಲಿ ನಿಮ್ಮ ಮಗು ಇಲ್ಲ.

ಹಂತ 7: ಸಭೆ, ಮತ್ತು ಒಂದು ಪುಟದ ಯೋಜನೆ

ಈ ಯೋಜನೆಯನ್ನು ಶಾಲೆಗಳಲ್ಲಿ ಐಇಪಿ ಅನ್ನುತ್ತಾರೆ. ಹನ್ನೆರಡು ಪುಟದ ಚಂದದ ಐಇಪಿಗಳು ಬೀರುವಿನಲ್ಲಿ ಮಲಗಿರುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಒಂದು ಪುಟ ಇರಲಿ, ಟೀಚರ್ ಮೇಜಿನ ಗಾಜಿನ ಕೆಳಗೆ ಇರಲಿ.

ಸಭೆಗೆ ಹೆಡ್‌ಮಾಸ್ಟರ್, ಕ್ಲಾಸ್ ಟೀಚರ್, ವಿಶೇಷ ಶಿಕ್ಷಕರು ಬೇಕು. ಪಿಟಿ ಮೇಷ್ಟ್ರನ್ನೂ ಕರೆಯಿರಿ, ಯಾಕೆಂದರೆ ಹೆಚ್ಚಿನ ರಂಪ ಆಗುವುದು ಮೈದಾನದಲ್ಲಿ. ಅಪ್ಪ ಅಮ್ಮ ಇಬ್ಬರೂ ಹೋಗಿ. ಮೊದಲ ಐದು ನಿಮಿಷ ಮಗುವಿಗೆ ಬರುವುದನ್ನು ಹೇಳಿ, ಆಮೇಲೆ ಕಷ್ಟಕ್ಕೆ ಬನ್ನಿ.

ಪುಟದ ಮೊದಲ ಭಾಗ, ಮೂರು ಗುರಿ. ಮೂರೇ. "ಕನ್ನಡ ಓದುವುದು ಸುಧಾರಿಸಬೇಕು" ಅನ್ನುವುದು ಗುರಿಯಲ್ಲ, ಆಸೆ. "ದಸರಾ ರಜೆಯೊಳಗೆ, ಒತ್ತಕ್ಷರ ಇಲ್ಲದ ಮೂರಕ್ಷರದ ಪದಗಳನ್ನು ಹತ್ತರಲ್ಲಿ ಎಂಟನ್ನು ತಾನೇ ಓದುತ್ತಾಳೆ" ಅಂದರೆ ಗುರಿ. ದಸರಾ ಮುಗಿದ ಮೇಲೆ ಆಯಿತೋ ಇಲ್ಲವೋ ಯಾರು ಬೇಕಾದರೂ ನೋಡಿ ಹೇಳಬಹುದು. ಒಂದು ಗುರಿ ಓದು ಬರಹದ್ದಿರಲಿ, ಒಂದು ತನ್ನ ಅಗತ್ಯ ತಿಳಿಸುವುದರದ್ದಿರಲಿ (ನೀರು, ಶೌಚಾಲಯ, "ಸಾಕು"), ಇನ್ನೊಂದು ಜೊತೆಯ ಮಕ್ಕಳ ಜೊತೆಗಿನದು.

ಎರಡನೇ ಭಾಗ, ತರಗತಿಯಲ್ಲಿ ಮಾಡುವ ಹೊಂದಾಣಿಕೆಗಳು. ಖರ್ಚಿಲ್ಲದ್ದು, ನಾಳೆಯೇ ಶುರು ಮಾಡಬಹುದಾದ್ದು ಮೊದಲು ಬರಲಿ.

ದಿನದ ಚಿತ್ರಪಟ್ಟಿ: ಪ್ರೇಯರ್, ಕನ್ನಡ, ಆಟ, ಗಣಿತ, ಊಟ, ಮನೆ ಅಂತ ಆರು ಚಿತ್ರ ಬರೆದು ಡೆಸ್ಕಿಗೆ ಅಂಟಿಸುವುದು. ಮುಗಿದದ್ದನ್ನು ಮಗುವೇ ತಿರುಗಿಸುತ್ತದೆ. ಮುಂದೇನು ಅಂತ ಗೊತ್ತಿದ್ದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ. ಪೀರಿಯಡ್ ಬದಲಾಗುವುದಿದ್ದರೆ ಬೆಳಿಗ್ಗೆಯೇ ಚಿತ್ರ ಬದಲಿಸಬೇಕು.

ಕೂರುವ ಜಾಗ: ಮುಂದಿನ ಬೆಂಚ್ ಎಲ್ಲರಿಗೂ ಒಳ್ಳೆಯದಲ್ಲ. ಹಿಂದಿನ ಸದ್ದು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗದೆ ಪದೇ ಪದೇ ತಿರುಗುವ ಮಕ್ಕಳಿದ್ದಾರೆ. ಗೋಡೆ ಪಕ್ಕ, ಬಾಗಿಲಿನಿಂದ ದೂರ, ಸಮಾಧಾನದ ಒಬ್ಬ ಗೆಳೆಯನ ಜೊತೆ ಕೂರಿಸಿ ನೋಡಿ.

ವಿರಾಮದ ಚೀಟಿ: ಕೆಂಪು ಚೀಟಿ ತೋರಿಸಿದರೆ ಐದು ನಿಮಿಷ ಗ್ರಂಥಾಲಯದ ಮೂಲೆ. ಟೀಚರ್‌ಗಳು ಇದಕ್ಕೆ ಹಿಂಜರಿಯುತ್ತಾರೆ, "ಎಲ್ಲರೂ ಕೇಳಿದರೆ?" ಅನ್ನುತ್ತಾರೆ. ನನ್ನ ಅನುಭವದಲ್ಲಿ ಬೇರೆ ಮಕ್ಕಳು ಎರಡು ದಿನ ಕುತೂಹಲ ಪಡುತ್ತಾರೆ, ಆಮೇಲೆ ಮರೆಯುತ್ತಾರೆ. ಆದರೆ ಒಂದು ಎಚ್ಚರ. ಮಗು ಕಿರುಚಿದ ಮೇಲೆ ವಿರಾಮ ಕೊಟ್ಟರೆ, ಕಿರುಚಿದರೆ ಹೊರಗೆ ಹೋಗಬಹುದು ಅಂತ ಕಲಿಯುತ್ತದೆ. ಚೀಟಿ ತೋರಿಸುವುದನ್ನು ಸಮಾಧಾನದ ಹೊತ್ತಿನಲ್ಲಿ, ಆಟದಂತೆ ಅಭ್ಯಾಸ ಮಾಡಿಸಿ.

ಬರವಣಿಗೆ: ಹತ್ತು ಲೆಕ್ಕದ ಬದಲು ಐದು. ಖಾಲಿ ಜಾಗ ತುಂಬುವುದು, ಹೊಂದಿಸಿ ಬರೆಯುವುದು, ಬೆರಳಿಟ್ಟು ತೋರಿಸುವುದು ಎಲ್ಲವೂ ಉತ್ತರವೇ. ಎಫ್‌ಎ ಪರೀಕ್ಷೆಗಳಲ್ಲಿ, ಅಂದರೆ ವರ್ಷದ ನಡುವಿನ ಸಣ್ಣ ಪರೀಕ್ಷೆಗಳಲ್ಲಿ, ಇದನ್ನು ಮಾಡುವುದು ಸುಲಭ, ಅಲ್ಲಿಂದಲೇ ಶುರುವಾಗಲಿ.

ಪ್ರಶ್ನೆಯ ಭಾಷೆ: "ನೀನು ರೈತನಾಗಿದ್ದರೆ ಏನು ಮಾಡುತ್ತಿದ್ದೆ?" ಅನ್ನುವ ಪ್ರಶ್ನೆಗೆ "ನಾನು ರೈತ ಅಲ್ಲ" ಅಂತ ಒಬ್ಬ ಹುಡುಗ ಬರೆದಿದ್ದ. ಅವನ ಲೆಕ್ಕದಲ್ಲಿ ಅದು ಸರಿ ಉತ್ತರ. ಸೊನ್ನೆ ಬಿತ್ತು. "ರೈತ ಮಾಡುವ ಮೂರು ಕೆಲಸ ಬರೆ" ಅಂತ ಕೇಳಿದ್ದರೆ ಐದು ಬರೆಯುತ್ತಿದ್ದ.

ಊಟ: ಒಂದೇ ಕಡೆ ನೂರಾರು ಮಕ್ಕಳು, ತಟ್ಟೆ ಸದ್ದು, ಸಾಂಬಾರಿನ ವಾಸನೆ. ಐದು ನಿಮಿಷ ಮುಂಚೆ ಕಳಿಸಿ, ಅಥವಾ ಸಾಲಿನ ಕೊನೆಯಲ್ಲಿ ಕೂರಿಸಿ.

ಮೂರನೇ ಭಾಗ, ಯಾರು ಯಾವಾಗ ಏನು ಮಾಡುತ್ತಾರೆ. "ಶಾಲೆ ನೋಡಿಕೊಳ್ಳುತ್ತದೆ" ಅಂತ ಬರೆದರೆ ಯಾರೂ ನೋಡಿಕೊಳ್ಳುವುದಿಲ್ಲ. ಹೆಸರು ಬರೆಯಿರಿ. ಎಲ್ಲರೂ ಸಹಿ ಹಾಕಿ, ಮುಂದಿನ ಸಭೆಯ ದಿನಾಂಕ ಹಾಕಿ.

ಶ್ಯಾಡೋ ಟೀಚರ್, ಅಂದರೆ ತರಗತಿಯಲ್ಲಿ ಮಗುವಿನ ಪಕ್ಕದಲ್ಲೇ ಕೂತು ನೆರವಾಗುವವರ, ವಿಷಯ ಇಲ್ಲಿ ಬಂದೇ ಬರುತ್ತದೆ. ನಗರದ ಖಾಸಗಿ ಶಾಲೆಗಳು "ನೀವೇ ಒಬ್ಬರನ್ನು ಇಟ್ಟುಕೊಳ್ಳಿ, ಆಗ ಸೇರಿಸಿಕೊಳ್ತೀವಿ" ಅನ್ನುತ್ತವೆ. ಕೆಲವು ಮಕ್ಕಳಿಗೆ ನಿಜವಾಗಿ ಬೇಕು. ಆದರೆ ಆ ಅಕ್ಕ ಮಗುವಿನ ಕೈ ಹಿಡಿದು ಎಲ್ಲ ಬರೆಸಿದರೆ, ಕ್ಲಾಸ್ ಟೀಚರ್ ಆ ಮಗುವಿನ ಕಡೆ ನೋಡುವುದನ್ನೇ ಬಿಡುತ್ತಾರೆ. ಇಡುವುದೇ ಆದರೆ ಅವರು ಯಾವ ಯಾವ ಹೊತ್ತಿನಲ್ಲಿ ಪಕ್ಕದಲ್ಲಿ ಇರುವುದಿಲ್ಲ ಅನ್ನುವುದನ್ನೂ ಯೋಜನೆಯಲ್ಲಿ ಬರೆಯಿರಿ.

ಹಂತ 8: ಆರು ವಾರ ಗಮನಿಸಿ

ಮನೆಗೂ ಶಾಲೆಗೂ ಓಡಾಡುವ ಒಂದು ಸಣ್ಣ ಪುಸ್ತಕ ಇಡಿ. ಟೀಚರ್‌ಗೆ ದಿನಕ್ಕೆ ಒಂದು ಸಾಲಿಗಿಂತ ಜಾಸ್ತಿ ಕೇಳಬೇಡಿ. ಮೂರು ಗುರಿಗೆ ಮೂರು ಚೌಕ, ಟಿಕ್ ಅಥವಾ ಅಡ್ಡಗೆರೆ. ವಾಟ್ಸ್ಆ್ಯಪ್‌ನಲ್ಲಿ ರಾತ್ರಿ ಹತ್ತಕ್ಕೆ ಉದ್ದುದ್ದ ಸಂದೇಶ ಕಳಿಸುವ ಪೋಷಕರಿಗೆ ಎರಡನೇ ತಿಂಗಳಲ್ಲಿ ಉತ್ತರ ಬರುವುದು ನಿಲ್ಲುತ್ತದೆ, ಅದರಲ್ಲಿ ಟೀಚರ್ ತಪ್ಪೂ ಇಲ್ಲ.

ಹೀಗೇನಾದರೂ ಕಂಡರೆ ತಡಮಾಡದೆ ಹೋಗಿ ಮಾತಾಡಿ:

- ಡಬ್ಬಿಯ ಊಟ ದಿನವೂ ಹಾಗೇ ವಾಪಸ್ ಬರುತ್ತಿದೆ.
- ವಾರಕ್ಕೆ ಎರಡು ಸಲ "ಬಂದು ಕರ್ಕೊಂಡು ಹೋಗಿ" ಅಂತ ಫೋನ್ ಬರುತ್ತಿದೆ.
- ನೋಟ್ಸ್ ಮುತ್ತಿನಂತಿದೆ, ಆದರೆ ಒಂದು ಸಾಲನ್ನೂ ಓದಲು ಬರುವುದಿಲ್ಲ. ಯಾರೋ ಕೈ ಹಿಡಿದು ಬರೆಸಿದ್ದಾರೆ, ಇಲ್ಲವೇ ಚಿತ್ರ ಬಿಡಿಸಿದ ಹಾಗೆ ಬರೆದಿದ್ದಾಳೆ.
- ವಾರ್ಷಿಕೋತ್ಸವ, ಪ್ರವಾಸ, ಗ್ರೂಪ್ ಫೋಟೋ ಯಾವುದರಲ್ಲೂ ಮಗು ಇಲ್ಲ.
- ಕಾರಿಡಾರ್‌ನಲ್ಲಿ ಅಥವಾ ಆಫೀಸ್ ರೂಮಿನಲ್ಲಿ ಕೂರಿಸುತ್ತಿದ್ದಾರೆ.
- ಸಮವಸ್ತ್ರ ನೋಡಿದರೆ ಅಳು, ಮೈಮೇಲೆ ಗಾಯ, ನಿದ್ದೆಯಲ್ಲಿ ಬೆಚ್ಚುವುದು. ಶಾಲೆಯಲ್ಲಿ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ.

ವರ್ತನೆ ಇದ್ದಕ್ಕಿದ್ದಂತೆ ಕೆಟ್ಟರೆ ಮೊದಲು ಮೈ ನೋಡಿ. ಹುಳುಕು ಹಲ್ಲು, ಕಿವಿನೋವು, ಮಲಬದ್ಧತೆ ಹೇಳಲು ಬಾರದ ಮಗು ತಲೆ ಚಚ್ಚಿಕೊಳ್ಳುತ್ತದೆ. ದಿಟ್ಟಿಸಿ ನೋಡುತ್ತಾ ಕೆಲವು ಸೆಕೆಂಡ್ ನಿಂತುಬಿಟ್ಟರೆ ಅದನ್ನು ವಿಡಿಯೋ ಮಾಡಿ ಡಾಕ್ಟರಿಗೆ ತೋರಿಸಿ. ಆಟಿಸಂ ಜೊತೆ ಫಿಟ್ಸ್ ಇರುವುದು ಅಪರೂಪವಲ್ಲ.

ಹಂತ 9: ಪರೀಕ್ಷೆಯ ರಿಯಾಯಿತಿ, ಎಂಟನೇ ತರಗತಿಯಿಂದಲೇ

ಹತ್ತನೇ ತರಗತಿಯ ಜನವರಿಯಲ್ಲಿ ಎಚ್ಚೆತ್ತುಕೊಳ್ಳುವವರೇ ಜಾಸ್ತಿ. ಅರ್ಜಿ ಹೋಗುವುದು ಶಾಲೆಯ ಮೂಲಕ, ಅದಕ್ಕೆ ಕೊನೆಯ ದಿನಾಂಕ ಇರುತ್ತದೆ. ರಾಜ್ಯ ಪಠ್ಯಕ್ರಮದವರು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಆ ವರ್ಷದ ಸುತ್ತೋಲೆಯನ್ನು ಒಂಬತ್ತನೇ ತರಗತಿಯಲ್ಲೇ ಹೆಡ್‌ಮಾಸ್ಟರ್ ಹತ್ತಿರ ಕೇಳಿ ಓದಿ.

ಹೆಚ್ಚುವರಿ ಸಮಯ, ಬರಹಗಾರರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವೆಲ್ಲ ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್‌ನಲ್ಲೇ ಹೆಸರಿಸಿರುವ ಕ್ರಮಗಳು. ಕೇಂದ್ರದ ಮಾರ್ಗಸೂಚಿಯಲ್ಲಿ ಹೆಚ್ಚುವರಿ ಸಮಯ ಗಂಟೆಗೆ 20 ನಿಮಿಷ. ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಜಾಸ್ತಿ.

ಬರಹಗಾರ ಸಿಕ್ಕರೆ ಸಾಲದು. ಉತ್ತರವನ್ನು ಬಾಯಲ್ಲಿ ಹೇಳಿ ಬರೆಸುವುದು ಬೇರೆಯೇ ಕಲೆ. ಪರಿಚಯವಿಲ್ಲದವರ ಎದುರು ಬಾಯಿ ಬಿಡದ ಮಗುವಿಗೆ ಮಾರ್ಚ್‌ನಲ್ಲಿ ಹೊಸ ಮುಖ ತಂದು ಕೂರಿಸಿದರೆ ಖಾಲಿ ಹಾಳೆಯೇ ಗತಿ. ಒಂಬತ್ತನೇ ತರಗತಿಯ ಎಸ್‌ಎ (ಅರ್ಧವಾರ್ಷಿಕ, ವಾರ್ಷಿಕ) ಪರೀಕ್ಷೆಯಿಂದಲೇ ಬೇರೆ ಬೇರೆಯವರ ಜೊತೆ ಅಭ್ಯಾಸ ಮಾಡಿಸಿ.

ಇಷ್ಟಾದರೂ ಭಾರ ಅನ್ನಿಸಿದರೆ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಇದೆ. ಅಲ್ಲಿ ಹತ್ತನೇ ತರಗತಿಗೆ ಐದು ವಿಷಯ. ಒಂದೇ ಸಲ ಎಲ್ಲ ಬರೆಯಬೇಕಿಲ್ಲ, ಐದು ವರ್ಷದೊಳಗೆ ಒಂದೊಂದೇ ಮುಗಿಸಬಹುದು. ಗಣಿತ ಬೇಡವೆಂದರೆ ಬೇರೆ ವಿಷಯ ಆರಿಸಿಕೊಳ್ಳಬಹುದು. ಇದನ್ನು ಸೋಲು ಅಂದುಕೊಂಡು ಮುಂದೂಡುತ್ತಾ ಮಗುವಿನ ಎರಡು ವರ್ಷ ಕಳೆಯಬೇಡಿ.

ಹಂತ 10: ಶಾಲೆ ಒಪ್ಪದಿದ್ದರೆ

"ನಿಮ್ಮ ಮಗುವಿಗೆ ಇದು ಸರಿಯಾದ ಜಾಗ ಅಲ್ಲ, ಟಿಸಿ ತಗೊಳ್ಳಿ" ಅಂದರೆ ಮೊದಲ ಕೆಲಸ, ಟಿಸಿಗೆ ಅರ್ಜಿ ಬರೆದುಕೊಡದಿರುವುದು. ನೀವಾಗಿ ಬರೆದುಕೊಟ್ಟರೆ ಶಾಲೆ ಹೊರಹಾಕಿದ್ದಲ್ಲ, ನೀವೇ ಬಿಡಿಸಿಕೊಂಡದ್ದು ಅಂತಾಗುತ್ತದೆ. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಹೊರಹಾಕುವಂತಿಲ್ಲ ಅಂತ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ.

"ಗೃಹಾಧಾರಿತ ಶಿಕ್ಷಣಕ್ಕೆ ಹಾಕೋಣ" ಅನ್ನುವುದು ಇನ್ನೊಂದು ಮೆತ್ತನೆಯ ದಾರಿ. ತೀವ್ರ ಅಥವಾ ಬಹುವಿಧ ವೈಕಲ್ಯ ಇರುವ ಮಕ್ಕಳಿಗೆ ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಕೊಟ್ಟ, ಮನೆಯಲ್ಲೇ ಕಲಿಯುವ ಆಯ್ಕೆ ಅದು. ನಡೆದುಕೊಂಡು ಶಾಲೆಗೆ ಬರುವ, ಬರಲು ಇಷ್ಟಪಡುವ ಮಗುವನ್ನು ಮನೆಯಲ್ಲಿ ಕೂರಿಸಲು ಅದನ್ನು ಬಳಸುವಂತಿಲ್ಲ. ಆಯ್ಕೆ ನಿಮ್ಮದು, ಶಾಲೆಯದಲ್ಲ.

ನಿರಾಕರಣೆಯನ್ನು ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ "ಇಂದು ನಡೆದ ಮಾತುಕತೆಯಲ್ಲಿ ತಾವು ಹೀಗೆ ತಿಳಿಸಿದಿರಿ" ಅಂತ ನೀವೇ ಇಮೇಲ್ ಮಾಡಿ. ಆಮೇಲೆ ಬಿಇಒ, ಅಲ್ಲಿಂದ ಜಿಲ್ಲೆಯ ಡಿಡಿಪಿಐ (ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು). ಅಲ್ಲೂ ಆಗದಿದ್ದರೆ ವಿಕಲಚೇತನರ ಹಕ್ಕುಗಳ ರಾಜ್ಯ ಆಯುಕ್ತರಿಗೆ ಅಥವಾ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು. ಹಿಂಸೆ ನಡೆಯುತ್ತಿದ್ದರೆ ಈ ಮೆಟ್ಟಿಲು ಹತ್ತುತ್ತಾ ಕೂರಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ದೂರು ಕೊಟ್ಟ ಶಾಲೆಯಲ್ಲೇ ಮಗು ಮರುದಿನವೂ ಕೂರಬೇಕು, ಇದು ಎಲ್ಲ ಪೋಷಕರ ಸಂಕಟ. ಹಾಗಾಗಿ ಮೊದಲು ಮಾತು, ಆಮೇಲೆ ಪತ್ರ, ಕೊನೆಗೆ ದೂರು. ಆದರೆ ಪತ್ರದ ದಾಖಲೆ ಮೊದಲ ದಿನದಿಂದಲೇ ಇರಲಿ.

ಹಂತ 11: ಏಪ್ರಿಲ್‌ನಲ್ಲಿ ಒಂದು ದಿನ

ಹೊಸ ತರಗತಿ, ಹೊಸ ಟೀಚರ್ ಬಂದಾಗ ವರ್ಷದ ಕೆಲಸವೆಲ್ಲ ಸೊನ್ನೆಗೆ ಇಳಿಯುತ್ತದೆ. ಫಲಿತಾಂಶದ ದಿನ ಹೋದಾಗ ಈಗಿನ ಟೀಚರ್ ಜೊತೆ ಹತ್ತು ನಿಮಿಷ ಕೂತು, ಯೋಜನೆಯ ಪುಟದ ಹಿಂಬದಿಯಲ್ಲಿ ಎರಡು ಸಾಲು ಬರೆಸಿಕೊಳ್ಳಿ: ಏನು ಮಾಡಿದ್ದು ಉಪಯೋಗವಾಯಿತು, ಏನು ಆಗಲಿಲ್ಲ. ಮುಂದಿನ ವರ್ಷ ಯಾವ ಕೋಣೆ ಅಂತ ಕೇಳಿ, ಅದರ, ಅಲ್ಲಿಂದ ಶೌಚಾಲಯಕ್ಕೆ ಹೋಗುವ ದಾರಿಯ ಫೋಟೋ ತೆಗೆದುಕೊಳ್ಳಿ. ರಜೆಯಲ್ಲಿ ವಾರಕ್ಕೊಮ್ಮೆ ಮಗುವಿಗೆ ತೋರಿಸಿ. ಶಾಲೆ ಶುರುವಾಗುವ ಎರಡು ದಿನ ಮುಂಚೆ, ಅಟೆಂಡರ್‌ಗೆ ಹೇಳಿ ಬಾಗಿಲು ತೆಗೆಸಿ, ಖಾಲಿ ತರಗತಿಯಲ್ಲಿ ಮಗುವನ್ನು ಅದರ ಬೆಂಚಿನ ಮೇಲೆ ಒಂದು ಗಂಟೆ ಕೂರಿಸಿ ಬನ್ನಿ.